ಹಳೇ ಮನೆಯಲ್ಲಿ ನೀರಿನ ದಾರಿ

ಹಳೇ ಮನೆ ಕೊಳ್ಳಲು ಹೊರಟವರು ಮೊದಲು ಕಾಗದಪತ್ರ ನೋಡುತ್ತಾರೆ. ನೋಡಲೇಬೇಕು. ಕ್ರಯಪತ್ರ, ಖಾತೆ, ಋಣಭಾರ ಪತ್ರ ಮೂರನ್ನೂ ಬಲ್ಲ ವಕೀಲರಿಗೆ ತೋರಿಸದೆ ಮುಂಗಡ ಕೊಡಬಾರದು. ಆಮೇಲೆ ಕೋಣೆಗಳ ಲೆಕ್ಕ, ಬಾಗಿಲಿನ ದಿಕ್ಕು, ಬಾವಿ ನೀರಿನ ರುಚಿ ನೋಡುತ್ತಾರೆ. ಮನೆಯ ಮೇಲೆ ಬಿದ್ದ ಮಳೆ ಎಲ್ಲಿ ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರು ಮಾತ್ರ ಕಡಿಮೆ. ನನ್ನ ಮಟ್ಟಿಗೆ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು. ಗೋಡೆಯ ಗಾರೆ ಉದುರುವುದು, ತೊಲೆಯ ತುದಿ ಕೊಳೆಯುವುದು, ಗೆದ್ದಲು ಹತ್ತುವುದು, ತಾರಸಿಯ ಕಬ್ಬಿಣ ತುಕ್ಕು ಹಿಡಿಯುವುದು ಬೇರೆ ಬೇರೆ ಕಾಯಿಲೆಗಳಂತೆ ಕಾಣುತ್ತವೆ. ಬೆನ್ನು ಹತ್ತಿ ಹೋದರೆ ಹೆಚ್ಚಿನ ಸಲ ಎಲ್ಲವೂ ನೀರಿನ ಬಳಿಗೇ ಕರೆದೊಯ್ಯುತ್ತವೆ.

ಎಷ್ಟು ನೀರು ಎಂಬ ಲೆಕ್ಕ ಸುಲಭ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆಯಾದರೆ ಅದು ಒಂದು ಲೀಟರ್. ಸಾವಿರ ಚದರಡಿಯ ಮಾಡು ಎಂದರೆ ಸುಮಾರು 93 ಚದರ ಮೀಟರ್. ಮಲೆನಾಡಿನ ಮಳೆಗಾಲದಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿಯುವುದು ಅಪರೂಪವಲ್ಲ. ಅಂಥ ದಿನ ಈ ಮಾಡಿನಿಂದ 9,300 ಲೀಟರ್ ನೀರು ಇಳಿಯುತ್ತದೆ. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಅಲ್ಲಿ ಇದೇ ಮಾಡು ವರ್ಷಕ್ಕೆ ಆರೂವರೆ ಲಕ್ಷ ಲೀಟರ್ ನೀರನ್ನು ಕೆಳಗಿಳಿಸಬೇಕು. ಮಲೆನಾಡಿನ ಮನೆಗಳ ಸೂರು ಅಷ್ಟು ಮುಂದಕ್ಕೆ ಚಾಚಿರುವುದು, ಜಗಲಿ ಎತ್ತರದಲ್ಲಿರುವುದು, ಅಂಗಳ ಇಳಿಜಾರಾಗಿ ಕಾಲುವೆ ಸೇರುವುದು ಈ ನೀರನ್ನು ಗೋಡೆಯಿಂದ ದೂರ ಇಡುವುದಕ್ಕಾಗಿ. ಕಟ್ಟಿದವರ ಈ ಏರ್ಪಾಟಿನಲ್ಲಿ ನಾವು ಯಾವುದನ್ನು ಕೆಡಿಸಿದ್ದೇವೆ ಎಂದು ಪತ್ತೆ ಮಾಡಿದರೆ ರಿಪೇರಿಯ ಅರ್ಧ ಕೆಲಸ ಮುಗಿದಂತೆ.

ನನ್ನ ಅಕ್ಕ, ಭಾವ ಸಾಗರದಲ್ಲಿ ಕೊಂಡ ಮನೆಯನ್ನೇ ತೆಗೆದುಕೊಳ್ಳಿ. ಚಿರೆಕಲ್ಲಿನ ದಪ್ಪ ಗೋಡೆ, ಕಲ್ಲುಗಳ ನಡುವೆ ಮಣ್ಣಿನ ಗಾರೆ, ಮೇಲೆ ಸುಣ್ಣದ ಗಿಲಾವು, ಮಂಗಳೂರು ಹಂಚಿನ ಮಾಡು. ಹಿಂದಿನವರು ಒಳಗೆ, ಹೊರಗೆ ನೆಲದಿಂದ ನಾಲ್ಕು ಅಡಿವರೆಗೆ ಸಿಮೆಂಟ್ ಗಿಲಾವು ಮಾಡಿಸಿ ಎಣ್ಣೆ ಬಣ್ಣ ಬಳಿಸಿದ್ದರು. ಆ ನಾಲ್ಕು ಅಡಿಯ ಮೇಲೆ, ಹಳೇ ಸುಣ್ಣದ ಭಾಗದಲ್ಲಿ, ಉದ್ದಕ್ಕೂ ಒದ್ದೆ ಪಟ್ಟಿ. ಅದರ ಅಂಚಿನಲ್ಲಿ ಹತ್ತಿಯ ಎಳೆಯಷ್ಟು ನವುರಾದ ಬಿಳಿ ಉಪ್ಪು. ಸಿಮೆಂಟನ್ನು ಇನ್ನೂ ಎರಡು ಅಡಿ ಎತ್ತರಿಸಿದರೆ ಸರಿಹೋಗುತ್ತದೆ ಎಂದು ಸಲಹೆ ಕೊಟ್ಟವರೂ ಇದ್ದರು.

ಈ ಒದ್ದೆ ಪಟ್ಟಿಯ ಭೌತಶಾಸ್ತ್ರ ಹೀಗಿದೆ. ಚಿರೆಕಲ್ಲು, ಇಟ್ಟಿಗೆ, ಮಣ್ಣು, ಸುಣ್ಣ ಎಲ್ಲದರಲ್ಲೂ ಕಣ್ಣಿಗೆ ಕಾಣದ ರಂಧ್ರಗಳ ಜಾಲವಿದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಈ ರಂಧ್ರಗಳಲ್ಲಿ ನೀರು ಏರುತ್ತದೆ. ರಂಧ್ರ ಕಿರಿದಾದಷ್ಟೂ ಏರುವ ಎತ್ತರ ಹೆಚ್ಚು. 0.1 ಮಿಲಿಮೀಟರ್ ವ್ಯಾಸದ ಕೊಳವೆಯಲ್ಲಿ ನೀರು ಸುಮಾರು 29 ಸೆಂಟಿಮೀಟರ್ ಏರಬಲ್ಲದು. ವ್ಯಾಸ ಅದರ ಹತ್ತನೇ ಒಂದು ಭಾಗವಾದರೆ ಎತ್ತರ ಹತ್ತು ಪಟ್ಟಾಗಿ ಮೂರು ಮೀಟರಿಗೆ ಹತ್ತಿರ ಬರುತ್ತದೆ. ಹಾಗಾದರೆ ಹಳೇ ಮನೆಗಳ ಗೋಡೆಗಳೆಲ್ಲ ಸೂರಿನ ತನಕ ಏಕೆ ಒದ್ದೆಯಾಗಿಲ್ಲ? ನೀರು ಏರುತ್ತ ಏರುತ್ತಲೇ ಗೋಡೆಯ ಮೈಯಿಂದ ಆವಿಯಾಗಿ ಹೋಗುತ್ತಿರುತ್ತದೆ. ಕೆಳಗಿನಿಂದ ಬರುವಷ್ಟು ನೀರು ಮೈಯಿಂದ ಆರುವ ಮಟ್ಟದಲ್ಲಿ ಏರಿಕೆ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ನೆಲದಿಂದ ಒಂದು ಮೀಟರಿನ ಆಸುಪಾಸು.

ಈಗ ಆ ಒಂದು ಮೀಟರಿನ ಮೇಲೆ ದಟ್ಟವಾದ ಸಿಮೆಂಟ್ ಬಳಿಯಿರಿ, ಅದರ ಮೇಲೆ ಎಣ್ಣೆ ಬಣ್ಣ ಹಚ್ಚಿ. ಬರುವ ನೀರು ಕಡಿಮೆಯಾಗಲಿಲ್ಲ, ಆರುವ ಜಾಗ ಮಾತ್ರ ಮುಚ್ಚಿತು. ನೀರು ಬಾಯಿ ತೆರೆದಿರುವ ಜಾಗ ಸಿಗುವವರೆಗೆ ಏರಿ ಸಿಮೆಂಟಿನ ಅಂಚನ್ನು ದಾಟಿ ಹೊರಬರುತ್ತದೆ. ಎರಡು ಅಡಿ ಎತ್ತರಿಸಿದ್ದರೆ ಪಟ್ಟಿಯೂ ಎರಡು ಅಡಿ ಮೇಲೆ ಹೋಗುತ್ತಿತ್ತು.

ಉಪ್ಪಿನ ಕಥೆ ಇನ್ನೂ ಗಂಭೀರ. ನೆಲದ ನೀರು ಬರುವಾಗ ಸಲ್ಫೇಟ್, ನೈಟ್ರೇಟ್, ಕ್ಲೋರೈಡ್ ಲವಣಗಳನ್ನು ಕರಗಿಸಿಕೊಂಡು ಬರುತ್ತದೆ. ನೀರು ಆವಿಯಾದಾಗ ಲವಣ ಹರಳಾಗಿ ಅಲ್ಲೇ ಉಳಿಯುತ್ತದೆ. ಗೋಡೆಯ ಮೈಮೇಲೆ ಹರಳು ಕಟ್ಟಿದರೆ ತೊಂದರೆಯಿಲ್ಲ, ಒಣ ಬ್ರಷ್ಷಿನಲ್ಲಿ ಗುಡಿಸಿದರೆ ಹೋಗುತ್ತದೆ. ಮೈಯ ಹಿಂದೆ, ರಂಧ್ರಗಳ ಒಳಗೆ ಕಟ್ಟಿದರೆ ಬೆಳೆಯುವ ಹರಳು ರಂಧ್ರದ ಗೋಡೆಯನ್ನು ಒತ್ತುತ್ತದೆ. ಮಳೆಗಾಲದಲ್ಲಿ ಕರಗಿ, ಬೇಸಿಗೆಯಲ್ಲಿ ಮತ್ತೆ ಹರಳಾಗಿ, ಹೀಗೆ ವರ್ಷಗಟ್ಟಲೆ ನಡೆದರೆ ಕಲ್ಲೂ ಪುಡಿಯಾಗುತ್ತದೆ. ಹಳಬರು ಸುಣ್ಣದ ಗಿಲಾವನ್ನು ಗೋಡೆಗಿಂತ ಮೆದುವಾಗಿ ಮಾಡಿದ್ದು ಇದಕ್ಕೂ ಅನುಕೂಲವಾಯಿತು: ಹಾಳಾದರೆ ಮೊದಲು ಹಾಳಾಗುವುದು ಗಿಲಾವು. ಹತ್ತಿಪ್ಪತ್ತು ವರ್ಷಕ್ಕೊಮ್ಮೆ ಅದನ್ನು ಕೆರೆದು ಹೊಸದು ಹಾಕಿದರೆ ಕಲ್ಲು ಉಳಿಯುತ್ತದೆ.

ಅಕ್ಕ ಕರೆಸಿದ ಮೇಸ್ತ್ರಿ ವಯಸ್ಸಾದವರು. ಒಳಗೆ ಬಂದವರು ಏನೂ ಹೇಳದೆ ಕರಣಿಯ ಹಿಡಿಯಿಂದ ಗೋಡೆಯನ್ನು ಕುಟ್ಟುತ್ತ ಹೋದರು. ಸುಣ್ಣದ ಭಾಗದಲ್ಲಿ ಗಟ್ಟಿ ಸದ್ದು, ಸಿಮೆಂಟಿನ ಭಾಗದಲ್ಲಿ ಹಲವು ಕಡೆ ಪೊಳ್ಳು ಸದ್ದು. ಪೊಳ್ಳಾದ ಕಡೆ ಉಳಿಯಿಟ್ಟು ಒಂದು ಏಟು ಹೊಡೆದರು. ಅಂಗೈ ಅಗಲದ ಸಿಮೆಂಟ್ ಬಿಲ್ಲೆ ಇಡಿಯಾಗಿ ಕಳಚಿ ಬಿತ್ತು. ಹಿಂದೆ ಚಿರೆಕಲ್ಲು ಕಪ್ಪಗೆ ಒದ್ದೆಯಾಗಿತ್ತು. ಕಲ್ಲುಗಳ ನಡುವಿನ ಮಣ್ಣನ್ನು ಅವರು ಬೆರಳಿನಿಂದಲೇ ತೆಗೆದು ಉಂಡೆ ಕಟ್ಟಿ ಅಕ್ಕನ ಕೈಗೆ ಕೊಟ್ಟರು. ಆಮೇಲೆ ಹೊರಗೆ ಹೋಗಿ ಅಂಗಳದಲ್ಲಿ ನಿಂತರು.

"ಅಮ್ಮ, ನೆಲ ನೋಡಿ. ಒಳಗಿಗಿಂತ ಹೊರಗೇ ಎತ್ತರ ಆಗಿದೆ."

ಆಗಿತ್ತು. ಅಂಗಳಕ್ಕೆ ಒಂದು ಸಲ ಕಾಂಕ್ರೀಟ್, ಅದು ಬಿರುಕು ಬಿಟ್ಟಾಗ ಅದರ ಮೇಲೆ ಇನ್ನೊಂದು ಸಲ, ಆಮೇಲೆ ಸಿಮೆಂಟ್ ಇಟ್ಟಿಗೆ ಹಾಸಿ ಹಾಸಿ ಅಂಗಳ ಒಳಗಿನ ನೆಲದ ಮಟ್ಟ ದಾಟಿತ್ತು. ಸೂರಿನ ನೀರು ಆ ಗಟ್ಟಿ ನೆಲದ ಮೇಲೆ ಬಿದ್ದು ಗೋಡೆಗೆ ಸಿಡಿಯುತ್ತಿತ್ತು, ಹರಿದು ಹೋಗಲು ಇಳಿಜಾರಿಲ್ಲದೆ ಪಾಯದ ಪಕ್ಕದಲ್ಲೇ ಇಂಗುತ್ತಿತ್ತು. ಗೋಡೆಗೆ ಏನೂ ಮಾಡುವ ಮೊದಲು ಅಂಗಳ ಅಗೆದು ತಗ್ಗಿಸಿ ಅಂದರು ಮೇಸ್ತ್ರಿ. ತಗ್ಗಿಸಿ, ಗೋಡೆಯ ಪಕ್ಕ ಜಲ್ಲಿ ತುಂಬಿದ ಕಾಲುವೆ ಮಾಡಿಸಿ, ಸೂರಿಗೆ ದೋಣಿ ಕಟ್ಟಿಸಿದರು. ಒಳಗೋಡೆಯ ಸಿಮೆಂಟನ್ನು ಪೂರ್ತಿ ಕೆಡವಿ ಬೇಸಿಗೆಯಿಡೀ ಬರಿಮೈಯಲ್ಲಿ ಬಿಟ್ಟರು. ಗೋಡೆ ಒಣಗಲು ಬೇಕಾದ ಸಮಯಕ್ಕೆ ಕಟ್ಟಡದವರಲ್ಲಿ ಒಂದು ಅಂದಾಜಿದೆ: ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು. ಮಲೆನಾಡಿನ ಮಳೆಗಾಲದ ತಿಂಗಳುಗಳನ್ನು ಇದರಲ್ಲಿ ಲೆಕ್ಕಕ್ಕೆ ಹಿಡಿಯಬಾರದು, ಆಗ ಗಾಳಿಯಲ್ಲೇ ಅಷ್ಟು ತೇವ ಇರುತ್ತದೆ.

ಇಂಥ ಗೋಡೆಗೆ ಮತ್ತೆ ಸುಣ್ಣವನ್ನೇ ಏಕೆ ಬಳಸಬೇಕು ಎಂಬುದಕ್ಕೆ ಅದರ ರಸಾಯನಶಾಸ್ತ್ರ ತಿಳಿಯಬೇಕು. ನನಗೆ ಈ ಇಡೀ ವಿಷಯದಲ್ಲಿ ಅತಿ ಸುಂದರವಾಗಿ ಕಾಣುವ ಭಾಗವೂ ಇದೇ. ಶುದ್ಧ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟರೆ ಪ್ರತಿ 100 ಕಿಲೋಗೆ 44 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ. ಕರಾವಳಿಯಲ್ಲಿ ಕಲ್ಲಿನ ಬದಲು ಚಿಪ್ಪುಗಳನ್ನು ಸುಡುತ್ತಿದ್ದರು. ಚಿಪ್ಪೂ ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಮರಳಿನ ಜೊತೆ ಅರೆದು ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಭಟ್ಟಿಯಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ಮರಳಿ ಪಡೆದು ಕಲ್ಲಾಗುತ್ತದೆ. ದಪ್ಪ ಗೋಡೆಯ ಒಡಲಿನಲ್ಲಿ ಈ ಕ್ರಿಯೆ ವರ್ಷಾನುಗಟ್ಟಲೆ ನಡೆಯುತ್ತಿರುತ್ತದೆ. ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟರೆ, ಒಳಗೆ ಇಳಿದ ನೀರಿನಲ್ಲಿ ಕೊಂಚ ಸುಣ್ಣ ಕರಗಿ, ನೀರು ಆರಿದಾಗ ಅಲ್ಲೇ ಹರಳುಗಟ್ಟಿ ಬಿರುಕನ್ನು ಮುಚ್ಚುವುದೂ ಉಂಟು.

ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸಿ ಗಾರೆ ಅರೆಯುವ ಪದ್ಧತಿ ದಕ್ಷಿಣ ಭಾರತದಲ್ಲೆಲ್ಲ ಇತ್ತು. ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದರೆ ಅದು ಸುರ್ಕಿ ಗಾರೆ. ಪುಡಿಯಲ್ಲಿರುವ ಸಿಲಿಕಾ ಸುಣ್ಣದೊಡನೆ ಸೇರಿ ನೀರಿನಡಿಯಲ್ಲೂ ಗಟ್ಟಿಯಾಗುವ ಸಂಯುಕ್ತ ಉಂಟಾಗುತ್ತದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರ ಅಣೆಕಟ್ಟೆಯ ಕಲ್ಲುಗಳನ್ನು ಹಿಡಿದಿಟ್ಟಿರುವುದು ಈ ಸುರ್ಕಿಯೇ. ಸುಣ್ಣ ದುರ್ಬಲ, ಹಳೇ ಕಾಲದ್ದು ಎನ್ನುವವರಿಗೆ ಆ ಅಣೆಕಟ್ಟೆ ಸಾಕಾದಷ್ಟು ಉತ್ತರ ಕೊಡುತ್ತದೆ.

ಸಿಮೆಂಟನ್ನು ನಾನು ಹಳಿಯುತ್ತಿಲ್ಲ. ಇಂಗ್ಲೆಂಡಿನ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲೆಂಡ್ ಸಿಮೆಂಟಿಗೆ ಪೇಟೆಂಟ್ ಪಡೆದ. ಅದಿಲ್ಲದೆ ಇಂದಿನ ಸೇತುವೆಗಳೂ ಇಲ್ಲ, ತಾರಸಿ ಮನೆಗಳೂ ಇಲ್ಲ. ಮೆದುವಾದ ಗೋಡೆಗೆ ಗಟ್ಟಿ ಸಿಮೆಂಟ್ ಜೋಡಿಯಾಗುವುದಿಲ್ಲ, ಅಷ್ಟೇ. ಬಿಸಿಲಿಗೆ, ತೇವಕ್ಕೆ ಎರಡೂ ಹಿಗ್ಗುವ ಕುಗ್ಗುವ ಪ್ರಮಾಣ ಬೇರೆ; ಎಳೆದಾಟದಲ್ಲಿ ಸೋಲುವುದು ಹಳೇ ಕಲ್ಲು.

ಹಳೇ ಮನೆ ಎಂದರೆ ಹಂಚಿನ ಮನೆಯೇ ಆಗಬೇಕಿಲ್ಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಬಡಾವಣೆಗಳಲ್ಲಿ ಮಾರಾಟಕ್ಕೆ ಬರುತ್ತಿರುವ ನಲವತ್ತು ಐವತ್ತು ವರ್ಷದ ಮನೆಗಳು ಬಹುಪಾಲು ಕಾಂಕ್ರೀಟ್ ತಾರಸಿಯವು. ಇಲ್ಲೂ ಇಂಗಾಲದ ಡೈಆಕ್ಸೈಡ್ ಕೆಲಸ ಮಾಡುತ್ತದೆ, ಪರಿಣಾಮ ಮಾತ್ರ ಬೇರೆ. ಹೊಸ ಕಾಂಕ್ರೀಟು ತೀವ್ರ ಕ್ಷಾರ, ಅದರ ಪಿಎಚ್ 12.5 ಮೀರಿರುತ್ತದೆ. ಆ ಕ್ಷಾರದಲ್ಲಿ ಒಳಗಿನ ಕಬ್ಬಿಣದ ಸರಳಿನ ಮೇಲೆ ಅತಿ ತೆಳುವಾದ ಆಕ್ಸೈಡ್ ಪೊರೆ ಕಟ್ಟಿಕೊಂಡು ತುಕ್ಕನ್ನು ತಡೆಯುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ರಂಧ್ರಗಳ ಮೂಲಕ ನುಗ್ಗಿ ಈ ಕ್ಷಾರವನ್ನು ತಿನ್ನುತ್ತ ಬರುತ್ತದೆ. ಪಿಎಚ್ 9ಕ್ಕಿಂತ ಕೆಳಗಿಳಿದರೆ ಪೊರೆ ಉಳಿಯುವುದಿಲ್ಲ. ಸುಣ್ಣದ ಗೋಡೆಯನ್ನು ಕಲ್ಲಾಗಿಸುವ ಅನಿಲ ಇಲ್ಲಿ ಸರಳಿನ ರಕ್ಷಣೆ ಕಳೆಯುತ್ತದೆ. ಈ ಅನಿಲ ಒಳಗೆ ಸಾಗುವ ದೂರ ಕಾಲದ ವರ್ಗಮೂಲಕ್ಕೆ ಅನುಗುಣ: 16 ವರ್ಷದಲ್ಲಿ 10 ಮಿಲಿಮೀಟರ್ ಸಾಗಿದ್ದರೆ 20 ಮಿಲಿಮೀಟರ್ ತಲುಪಲು 64 ವರ್ಷ ಬೇಕು. ಆದ್ದರಿಂದ ಸರಳಿನ ಕೆಳಗೆ ಕಾಂಕ್ರೀಟಿನ ಹೊದಿಕೆ, ಕೆಲಸದವರು ಕವರ್ ಎನ್ನುವುದು, ಎಷ್ಟು ದಪ್ಪ ಇದೆ ಎಂಬುದರ ಮೇಲೆ ತಾರಸಿಯ ಆಯುಷ್ಯ ನಿಂತಿದೆ. ಕವರ್ 20 ಮಿಲಿಮೀಟರ್ ಇದ್ದಲ್ಲಿ ಸಿಗುವ ಕಾಲದ ಕಾಲು ಭಾಗ ಮಾತ್ರ 10 ಮಿಲಿಮೀಟರ್ ಇದ್ದಲ್ಲಿ ಸಿಗುತ್ತದೆ. ಕಟ್ಟುವಾಗ ಸರಳಿನಡಿ ಇಡಬೇಕಾದ ಸಣ್ಣ ಕವರಿಂಗ್ ಬ್ಲಾಕ್ ಮರೆತ ಕೆಲಸದ ಬೆಲೆಯನ್ನು ಮೂವತ್ತು ವರ್ಷದ ಮೇಲೆ ಮನೆ ಕೊಂಡವರು ತೆರುತ್ತಾರೆ.

ಇದನ್ನು ಪರೀಕ್ಷಿಸುವ ವಿಧಾನ ಶಾಲೆಯ ಪ್ರಯೋಗಾಲಯದಷ್ಟೇ ಸರಳ. ಆಗತಾನೇ ಒಡೆದ ಕಾಂಕ್ರೀಟಿನ ಮೈಗೆ ಫಿನಾಲ್ಫ್‌ಥಲೀನ್ ದ್ರಾವಣ ಸಿಂಪಡಿಸಿದರೆ ಕ್ಷಾರ ಉಳಿದಿರುವ ಭಾಗ ಗಾಢ ಗುಲಾಬಿಯಾಗುತ್ತದೆ, ಕಳೆದುಹೋದ ಭಾಗಕ್ಕೆ ಬಣ್ಣ ಬರುವುದಿಲ್ಲ. ಬಣ್ಣವಿಲ್ಲದ ಪದರ ಸರಳನ್ನು ಮುಟ್ಟಿದೆಯೇ ಎಂದು ಅಳೆದು ನೋಡಬಹುದು. ಮುಟ್ಟಿದ್ದರೂ ಕೂಡಲೇ ತಾರಸಿ ಬೀಳುವುದಿಲ್ಲ. ತುಕ್ಕಿಗೆ ಆಮ್ಲಜನಕದ ಜೊತೆ ನೀರೂ ಬೇಕು. ಒಣಗಿದ ತಾರಸಿಯಲ್ಲಿ ಸರಳು ಬಹುಕಾಲ ಬಾಳುತ್ತದೆ. ನೀರು ನಿಲ್ಲುವ ತಾರಸಿ, ಸೋರುವ ಟ್ಯಾಂಕಿನ ಕೆಳಗಿನ ಭಾಗ, ಬಚ್ಚಲಿನ ಮಾಡು, ಇಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಕೆಳಗಿನ ಕಾಂಕ್ರೀಟನ್ನು ಒತ್ತಿ ಉದುರಿಸುತ್ತದೆ. ಮನೆ ನೋಡಲು ಹೋದಾಗ ಬಚ್ಚಲು, ಅಡುಗೆಮನೆಯ ಚಾವಣಿಯನ್ನು ಟಾರ್ಚ್ ಹಾಕಿ ನೋಡಿ. ಸರಳಿನ ಉದ್ದಕ್ಕೆ ನೇರ ಗೆರೆಯ ಬಿರುಕು, ಕಂದು ಕಲೆ ಇದ್ದರೆ ಇಂಜಿನಿಯರರನ್ನು ಕರೆಸದೆ ಬೆಲೆಯ ಮಾತಾಡಬೇಡಿ. ಹೊಸ ಪುಟ್ಟಿ, ಹೊಸ ಬಣ್ಣ ಒಂದು ಕೋಣೆಗೆ ಮಾತ್ರ ಬಳಿದಿದ್ದರೆ ಆ ಕೋಣೆಯಲ್ಲಿ ಹೆಚ್ಚು ಹೊತ್ತು ನಿಲ್ಲಿ.

ಬಿರುಕುಗಳೆಲ್ಲ ಅಪಾಯದವೇ ಎಂದೇನಿಲ್ಲ. ಧಾರವಾಡದಿಂದ ಆಚೆಗೆ ಗದಗ, ವಿಜಯಪುರದ ಎರೆಮಣ್ಣಿನ ನಾಡಿನಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕು ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕಿರಿದಾಗುವುದುಂಟು. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ. ಆಳವಿಲ್ಲದ ಪಾಯ ಅದರೊಡನೆ ಏಳುತ್ತ ಇಳಿಯುತ್ತ ಇರುತ್ತದೆ. ಬಿರುಕಿನ ಎರಡು ತುದಿಗೂ ಪೆನ್ಸಿಲ್ ಗೀಟು ಎಳೆದು ಪಕ್ಕದಲ್ಲಿ ತಾರೀಕು ಬರೆಯಿರಿ, ಅಡ್ಡಲಾಗಿ ತೆಳು ಗಾಜಿನ ಪಟ್ಟಿಯೊಂದನ್ನು ಅಂಟಿಸಿ. ಗೀಟು ದಾಟದ, ಗಾಜು ಒಡೆಯದ ಬಿರುಕು ಹಳೇ ಗಾಯ, ತುಂಬಿ ಮುಚ್ಚಬಹುದು. ಒಂದೇ ದಿಕ್ಕಿಗೆ ಬೆಳೆಯುತ್ತಲೇ ಇರುವ ಬಿರುಕಿಗೆ ಪಾಯದ ಚಿಕಿತ್ಸೆ ಬೇಕು. ಅಲ್ಲೂ ಮೊದಲು ಹುಡುಕಬೇಕಾದದ್ದು ಪಾಯದ ಪಕ್ಕ ಒಡೆದ ಚರಂಡಿ ಕೊಳವೆಯನ್ನು.

ಮರಕ್ಕೂ ಇದೇ ನಿಯಮ. ತೂಕದಲ್ಲಿ ತೇವಾಂಶ ಶೇಕಡ 20ರ ಒಳಗಿದ್ದರೆ ಮರವನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ಅದಕ್ಕೇ ತೊಲೆಯ ನಡುಭಾಗ ಗಟ್ಟಿಯಾಗಿದ್ದು, ಗೋಡೆಯೊಳಗೆ ಹೂತ ತುದಿ ಮಾತ್ರ ಕೊಳೆತಿರುತ್ತದೆ. ಸ್ಕ್ರೂಡ್ರೈವರ್ ತೆಗೆದುಕೊಂಡು ತುದಿಗಳನ್ನೇ ಚುಚ್ಚಿ ನೋಡಬೇಕು. ಗೆದ್ದಲಿನ ಮೈ ಬಲು ಬೇಗ ಒಣಗುತ್ತದೆ. ನೆಲದ ತೇವವನ್ನು ಬಿಟ್ಟು ಬಾಳಲಾರದ ಜಾತಿಗಳು ತೇವ ಉಳಿಯುವಂತೆ ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಮರದ ತನಕ ಹೋಗುತ್ತವೆ. ಸುರಂಗ ಕಂಡರೆ ಪೂರ್ತಿ ಒರೆಸಿ ಹಾಕಬೇಡಿ. ನಡುವೆ ಬೆರಳಗಲ ಒಡೆದು ಕೆಲವು ದಿನ ಬಿಟ್ಟು ಬಂದು ನೋಡಿ. ಒಡೆದ ಜಾಗ ಮತ್ತೆ ಮುಚ್ಚಿದ್ದರೆ ಒಳಗೆ ಗೂಡು ಜೀವಂತ ಇದೆ. ಸಾಗುವಾನಿಯ ಹೃದಯಭಾಗದಲ್ಲಿ ಟೆಕ್ಟೊಕ್ವಿನೋನ್ ಎಂಬ ರಾಸಾಯನಿಕ ಇರುವುದರಿಂದ ಗೆದ್ದಲು ಅದರಿಂದ ದೂರ ಇರುತ್ತದೆ. ಹಳೇ ಸಾಗುವಾನಿ ಬಾಗಿಲನ್ನು ಕಿತ್ತು ಪ್ಲೈವುಡ್ ಬಾಗಿಲು ಹಾಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಂಚಿನ ಮಾಡು ನೋಡಿ ಹೆದರಬೇಕಿಲ್ಲ. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಹಬ್ಬಿದ ಈ ಹಂಚಿನ ದೊಡ್ಡ ಗುಣವೆಂದರೆ ಒಡೆದ ಒಂದನ್ನೇ ಬದಲಾಯಿಸಬಹುದು. ಆದರೆ ಬೇರೆ ಬೇರೆ ಕಾರ್ಖಾನೆಯ ಅಚ್ಚುಗಳಲ್ಲಿ ವ್ಯತ್ಯಾಸ ಇರುವುದರಿಂದ ಹೊಸ ಹಂಚಿನ ತೋಡು ಹಳೆಯದರ ಜೊತೆ ಕೂಡದೆ ನೀರು ಒಳಗಿಳಿಯುತ್ತದೆ. ಆದ್ದರಿಂದ ಇಳಿಸಿದ ಹಂಚುಗಳಲ್ಲಿ ಗಟ್ಟಿಯಾದವನ್ನು ಎತ್ತಿಟ್ಟುಕೊಳ್ಳಿ.

ಮಕ್ಕಳಿರುವ ಮನೆಯವರು ಎರಡು ವಿಷಯ ತಪ್ಪದೆ ನೋಡಬೇಕು. ಹಳೇ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ನಮ್ಮ ದೇಶದಲ್ಲಿ ಮನೆಯ ಬಣ್ಣಕ್ಕೆ ಹತ್ತು ಲಕ್ಷ ಭಾಗದಲ್ಲಿ 90 ಭಾಗದ ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಹಳೇ ಬಾಗಿಲು ಕಿಟಕಿಗಳನ್ನು ಒಣಗಿದಂತೆಯೇ ಉಜ್ಜಿದರೆ ಆ ಧೂಳು ಮಕ್ಕಳ ಮಿದುಳಿನ ಬೆಳವಣಿಗೆಗೆ ಕುತ್ತು. ನೀರು ಹಾಕಿ ಉಜ್ಜಿಸಬೇಕು, ಆ ದಿನಗಳಲ್ಲಿ ಮಕ್ಕಳು, ಗರ್ಭಿಣಿಯರು ಮನೆಯಲ್ಲಿರಬಾರದು. ಇನ್ನೊಂದು ವಿದ್ಯುತ್. ಮರದ ಪಟ್ಟಿಯ ಮೇಲೆ ಎಳೆದ ಹಳೇ ತಂತಿಯ ರಬ್ಬರ್ ಹೊದಿಕೆ ಬಿರುಸಾಗಿ ಉದುರುತ್ತಿರುತ್ತದೆ, ಅರ್ಥಿಂಗ್ ಇರುವುದೇ ಇಲ್ಲ. ತೇವದ ಗೋಡೆಯಲ್ಲಿ ಇದು ಜೀವಕ್ಕೆ ಅಪಾಯ. ಹೊಸ ವೈರಿಂಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್ ಸೋರಿಕೆಗೆ ಕಡಿಯುವ ಆರ್‌ಸಿಸಿಬಿ ಆಗುವ ತನಕ ಹಾಲುಕ್ಕಿಸುವ ಮುಹೂರ್ತವನ್ನು ಮುಂದಕ್ಕೆ ಹಾಕಿ.

ಖರ್ಚಿನ ಕ್ರಮದಲ್ಲೂ ನೀರಿನ ದಾರಿಯನ್ನೇ ಹಿಡಿಯಿರಿ. ಮಾಡು ಮೊದಲು, ಆಮೇಲೆ ದೋಣಿ, ಅಂಗಳದ ಇಳಿಜಾರು, ಚರಂಡಿ; ಇವಾದ ಮೇಲೆ ಗೋಡೆ ಒಣಗಲು ಬಿಡಿ, ಬಣ್ಣ ಎಲ್ಲಕ್ಕಿಂತ ಕೊನೆಗೆ. ಗೃಹಪ್ರವೇಶಕ್ಕೆ ಅಂದವಾಗಿ ಕಾಣಲೆಂದು ಒದ್ದೆ ಗೋಡೆಗೆ ಪುಟ್ಟಿ ಬಳಿಸಿದರೆ ಮುಂದಿನ ದೀಪಾವಳಿಗೆ ಅದೇ ಗೋಡೆಗೆ ಮತ್ತೆ ದುಡ್ಡು ಹಾಕಬೇಕಾಗುತ್ತದೆ. ಸಾಧ್ಯವಾದರೆ ಮುಂಗಡ ಕೊಡುವ ಮೊದಲು ಜೋರು ಮಳೆ ಬೀಳುತ್ತಿರುವಾಗಲೇ ಆ ಮನೆಗೆ ಹೋಗಿ, ಅಟ್ಟ ಹತ್ತಿ, ಹೊರಗೆ ಬಂದು ಸೂರಿನಡಿ ನಿಂತು ನೋಡಿ. ಮಾರುವವರು ಮಳೆಗಾಲ ಮುಗಿಯಲಿ ಅಂದರೆ, ಕಾರಣ ಕೇಳಿ.